ಸ್ಪಾರ್ಟಾದ ಪೌರರು ಎಲ್ಲಿ ಹೋದರು?

ಜನನ ಪ್ರಮಾಣ ಇಳಿದರೆ ನಾಡು ಹಾಳಾಗುತ್ತದೆ ಎಂದು ವಾದಿಸುವವರು ಪ್ರಾಚೀನ ಗ್ರೀಸ್ ಮತ್ತು ರೋಮ್‌ಗಳನ್ನು ಸಾಕ್ಷಿಗೆ ಕರೆಯುವುದುಂಟು. ಅವರ ಪಟ್ಟಿಯಲ್ಲಿ ಗ್ರೀಸಿನ ನಗರರಾಜ್ಯ ಸ್ಪಾರ್ಟಾಕ್ಕೆ ಮೊದಲ ಸ್ಥಾನ. ಆದರೆ ಆ ಸಾಕ್ಷಿ ಅವರ ಪರವಾಗಿ ನುಡಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕ್ರಿ.ಪೂ. 480ರ ಹೊತ್ತಿಗೆ ಸ್ಪಾರ್ಟಾದಲ್ಲಿ ಸುಮಾರು 8,000 ಪೌರ ಪುರುಷರಿದ್ದರು ಎನ್ನುತ್ತಾನೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಕ್ರಿ.ಪೂ. 371ರ ಲ್ಯೂಕ್ಟ್ರಾದಲ್ಲಿ ಥೀಬ್ಸ್ ನಗರದ ವಿರುದ್ಧ ನಡೆದ ಕದನಕ್ಕೆ ಹೋದವರಲ್ಲಿ ಪೂರ್ಣ ಪೌರರು 700 ಮಂದಿ ಮಾತ್ರ. ಅವರಲ್ಲಿ 400 ಮಂದಿ ಅಲ್ಲೇ ಸತ್ತರು. ಈ ಕುಸಿತಕ್ಕೆ ಕ್ರಿ.ಪೂ. 464ರ ಭೂಕಂಪವೂ ಯುದ್ಧಗಳೂ ಸ್ವಲ್ಪ ಮಟ್ಟಿಗೆ ಕಾರಣವಿರಬಹುದು. ಮುಖ್ಯ ಕಾರಣವನ್ನು ಮಾತ್ರ ಅರಿಸ್ಟಾಟಲ್ ಸ್ಪಷ್ಟವಾಗಿ ಗುರುತಿಸಿದ್ದಾನೆ. ಸ್ಪಾರ್ಟಾದಲ್ಲಿ ಪೌರನಾಗಿ ಉಳಿಯಬೇಕಾದರೆ ಸಾಮೂಹಿಕ ಭೋಜನಕ್ಕೆ ತನ್ನ ಪಾಲಿನ ದವಸಧಾನ್ಯವನ್ನು ತಪ್ಪದೆ ಸಲ್ಲಿಸಬೇಕಿತ್ತು. ಸಲ್ಲಿಸಲಾಗದವನು ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದ. ಇತ್ತ ಉತ್ತರಾಧಿಕಾರ ಮತ್ತು ವರದಕ್ಷಿಣೆಗಳ ಮೂಲಕ ಭೂಮಿ ಕೆಲವೇ ಮನೆತನಗಳಲ್ಲಿ ಶೇಖರವಾಗುತ್ತಿತ್ತು. ಮೂವರು ಗಂಡುಮಕ್ಕಳ ತಂದೆಗೆ ಸೈನ್ಯಸೇವೆಯಿಂದ, ನಾಲ್ವರಿದ್ದವನಿಗೆ ಎಲ್ಲ ಹೊರೆಗಳಿಂದ ವಿನಾಯಿತಿ ಕೊಡುವ ಕಾನೂನನ್ನೂ ಸ್ಪಾರ್ಟಾ ಮಾಡಿತ್ತು. ಮಕ್ಕಳು ಹೆಚ್ಚಿದಷ್ಟೂ ಜಮೀನು ತುಂಡಾಗಿ ಬಡವರೇ ಹೆಚ್ಚುವರು ಎಂದು ಅರಿಸ್ಟಾಟಲ್ ಅದನ್ನು ಟೀಕಿಸಿದ. ಎರಡು ಸಾವಿರ ವರ್ಷಗಳ ಹಿಂದಿನ ಈ ಟೀಕೆ ಹೆಚ್ಚು ಮಕ್ಕಳನ್ನು ಹೆತ್ತವರಿಗೆ ಪ್ರೋತ್ಸಾಹಧನ ಕೊಡಬೇಕೆನ್ನುವ ಇಂದಿನ ಉತ್ಸಾಹಿಗಳ ಕಿವಿಗೆ ಇನ್ನೂ ಬಿದ್ದಂತಿಲ್ಲ.

ಹಾಗೆಂದು ಆ ನಾಡಿನಲ್ಲಿ ಜನರಿಗೆ ಬರವಿರಲಿಲ್ಲ. ಕ್ರಿ.ಪೂ. 479ರಲ್ಲಿ ಪರ್ಷಿಯನ್ನರ ವಿರುದ್ಧದ ಪ್ಲಟೀಯಾ ಕದನಕ್ಕೆ ಹೊರಟ ಒಬ್ಬೊಬ್ಬ ಸ್ಪಾರ್ಟನ್ ಯೋಧನ ಜೊತೆಗೂ ಏಳು ಮಂದಿ ಹೆಲಾಟರು, ಅಂದರೆ ಜೀತದ ರೈತರು, ಇದ್ದರು. ಕ್ರಿ.ಪೂ. 4ನೆಯ ಶತಮಾನದ ಆರಂಭದಲ್ಲಿ ಸ್ಪಾರ್ಟಾದ ಆಳ್ವಿಕೆಯ ವಿರುದ್ಧ ಸಂಚು ಹೂಡಿದ ಕಿನಾಡೋನ್ ಒಬ್ಬನನ್ನು ಪೇಟೆಗೆ ಕರೆದೊಯ್ದು ಅಲ್ಲಿದ್ದ ಸ್ಪಾರ್ಟನ್ನರನ್ನು ಎಣಿಸಲು ಹೇಳಿದನಂತೆ. ಅರಸ, ಅಧಿಕಾರಿ, ಹಿರಿಯರನ್ನೆಲ್ಲ ಸೇರಿಸಿದರೂ ಅವರು ಸುಮಾರು 40. ಉಳಿದವರು 4,000ಕ್ಕೂ ಮಿಕ್ಕು. ಆ ಉಳಿದವರೆಲ್ಲ ನಮ್ಮ ಮಿತ್ರರು ಎಂದ ಕಿನಾಡೋನ್.

ರೋಮ್ ಹಿಡಿದ ದಾರಿಯೇ ಬೇರೆ. ಅಲ್ಲಿ ಪೌರನೊಬ್ಬ ವಿಧಿವತ್ತಾಗಿ ಬಿಡುಗಡೆ ಮಾಡಿದ ಗುಲಾಮ ತಾನೂ ಪೌರನಾಗುತ್ತಿದ್ದ. ರೋಮನ್ನರ ಶತ್ರು, ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಇಟಲಿಯೊಳಗೇ ಇದ್ದ ಕಾಲದಲ್ಲಿ ಮೆಸಿಡೋನಿಯಾದ ದೊರೆ ಐದನೆಯ ಫಿಲಿಪ್, ಲಾರಿಸ್ಸಾ ನಗರಕ್ಕೆ ಬರೆದ ಪತ್ರದಲ್ಲಿ ಇದನ್ನೇ ಎತ್ತಿ ತೋರಿಸಿ, ರೋಮನ್ನರಂತೆ ನೀವೂ ಪೌರರನ್ನು ಹೆಚ್ಚಿಸಿಕೊಳ್ಳಿ ಎಂದು ಬುದ್ಧಿ ಹೇಳಿದ್ದಾನೆ. ಇದನ್ನು ರೋಮನ್ನರ ಔದಾರ್ಯವೆಂದು ಹೊಗಳಲು ನಾನು ಸಿದ್ಧನಿಲ್ಲ. ಆ ಗುಲಾಮರನ್ನು ಯುದ್ಧದಲ್ಲಿ ಸೆರೆಹಿಡಿದು ತಂದವರೂ ಅವರೇ. ಆದರೂ ಕ್ರಿ.ಪೂ. 216ರಲ್ಲಿ ಹ್ಯಾನಿಬಲನೆದುರು ಕ್ಯಾನಿ ಕದನದಲ್ಲಿ ಹತ್ತಾರು ಸಾವಿರ ಸೈನಿಕರನ್ನು ಕಳೆದುಕೊಂಡ ರೋಮ್ ಮತ್ತೆ ಸೈನ್ಯ ಕಟ್ಟಿತು. ಲ್ಯೂಕ್ಟ್ರಾದಲ್ಲಿ 400 ಪೌರರನ್ನು ಕಳೆದುಕೊಂಡ ಸ್ಪಾರ್ಟಾ ಹಿಂದಿನ ಸ್ಥಿತಿಗೆ ಮರಳಲಿಲ್ಲ.

ಸಾವಿನ ಲೆಕ್ಕ ಅಂದು ಎಲ್ಲರಿಗೂ ಕಠೋರವಾಗಿತ್ತು. ರೋಮನ್ ಈಜಿಪ್ಟಿನಲ್ಲಿ 14 ವರ್ಷಕ್ಕೊಮ್ಮೆ ನಡೆಯುತ್ತಿದ್ದ ಮನೆಗಣತಿಯ ಪತ್ರಗಳ ಆಧಾರದ ಮೇಲೆ, ಹುಟ್ಟುವಾಗ ಹೆಣ್ಣಿನ ಸರಾಸರಿ ಆಯುಷ್ಯ 20ರಿಂದ 25 ವರ್ಷವಿತ್ತೆಂದು ಅಂದಾಜಿಸಲಾಗಿದೆ. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೂ ಬದುಕುಳಿದ ಹೆಂಗಸರು ಐದಾರು ಮಕ್ಕಳನ್ನು ಹೆರಬೇಕಿತ್ತು. ಹೀಗಿರುವಾಗ ರೋಮನ್ ಚಕ್ರವರ್ತಿ ಆಗಸ್ಟಸ್ ಕ್ರಿ.ಪೂ. 18ರಲ್ಲಿ ಮತ್ತು ಕ್ರಿ.ಶ. 9ರಲ್ಲಿ ಅವಿವಾಹಿತರ ಹಾಗೂ ಮಕ್ಕಳಿಲ್ಲದವರ ಆಸ್ತಿಯ ಹಕ್ಕನ್ನು ಮೊಟಕುಗೊಳಿಸಿದ ಕಾನೂನುಗಳು ಮುಖ್ಯವಾಗಿ ಉಳ್ಳವರನ್ನು ತಟ್ಟಿದವೇ ಹೊರತು ಸಾಮಾನ್ಯರನ್ನಲ್ಲ. ಎರಡನೆಯ ಕಾನೂನಿಗೆ ಹೆಸರು ಕೊಟ್ಟ, ರೋಮನ್ ಆಡಳಿತದ ಉನ್ನತ ಅಧಿಕಾರಿಗಳಾದ ಇಬ್ಬರು ಕಾನ್ಸಲ್‌ಗಳೂ ಮದುವೆಯಾಗಿರಲಿಲ್ಲ ಎಂಬುದನ್ನು ಇತಿಹಾಸಕಾರ ಡಿಯೋ ಕ್ಯಾಸಿಯಸ್ ಬರೆದಿಟ್ಟಿದ್ದಾನೆ.

ಸ್ಪಾರ್ಟಾ ಕೊನೆಗೂ ಒಮ್ಮೆ ಬಾಗಿಲು ತೆರೆಯಿತು. ಕ್ರಿ.ಪೂ. 227ರಲ್ಲಿ ಅದರ ಅರಸ ಮೂರನೆಯ ಕ್ಲಿಯೊಮಿನೀಸ್ ಸಾಲ ಮನ್ನಾ ಮಾಡಿ, ಭೂಮಿಯನ್ನು ಮರುಹಂಚಿ, ಸುತ್ತಲಿನ ಊರುಗಳ ಸ್ವತಂತ್ರ ನಿವಾಸಿಗಳಲ್ಲಿ ಉತ್ತಮರನ್ನು ಪೌರರನ್ನಾಗಿ ಸೇರಿಸಿಕೊಂಡು 4,000 ಯೋಧರ ಪಡೆಯನ್ನು ನಿಲ್ಲಿಸಿದ. ಅದಕ್ಕಾಗಿ ಹೊಸದೊಂದು ತಲೆಮಾರು ಹುಟ್ಟಿ ಬೆಳೆಯುವ ತನಕ ಕಾಯಬೇಕಾಗಲಿಲ್ಲ. ಐದು ವರ್ಷಗಳ ಬಳಿಕ ಸೆಲ್ಲೇಷಿಯಾದಲ್ಲಿ ಮೆಸಿಡೋನಿಯಾದ ಸೈನ್ಯ ಅವನನ್ನು ಸೋಲಿಸಿ, ಆ ಸುಧಾರಣೆಗಳನ್ನು ಕೊನೆಗಾಣಿಸಿತು.