ಸತ್ಯಾಂಶ: ಪುಟ್ಟ ಮಕ್ಕಳಿಗೆ ತತ್ವಶಾಸ್ತ್ರ ನಿಲುಕದೇ?

‘ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಅಮೂರ್ತ ಚಿಂತನೆ ಅಸಾಧ್ಯ, ತತ್ವಶಾಸ್ತ್ರ ಕಲಿಸಿದರೆ ಎದುರು ಮಾತನಾಡುತ್ತಾರಷ್ಟೆ’ ಎಂಬ ಸಂದೇಶ ಹರಿದಾಡುತ್ತಿದೆ. ಮೊದಲರ್ಧದ ಬೇರು ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆಯ ಹಂತಗಳ ಸಿದ್ಧಾಂತದಲ್ಲಿದೆ: ಮಕ್ಕಳ ಚಿಂತನೆ ಹಂತಹಂತವಾಗಿ ಬೆಳೆಯುತ್ತದೆ, ಅಮೂರ್ತ ಚಿಂತನೆ ಬರುವುದು ಸುಮಾರು ಹನ್ನೊಂದರ ನಂತರ ಎನ್ನುತ್ತದೆ ಅದು. ಆ ವಯಸ್ಸನ್ನು ದಾಟಲಾಗದ ಗೋಡೆಯೆಂದು ಓದುವುದು ತಪ್ಪು. ‘ಎಲ್ಲರಿಗೂ ಸಮಪಾಲು ನ್ಯಾಯವೇ, ಹೆಚ್ಚು ಹಸಿದವನಿಗೆ ಹೆಚ್ಚು ಕೊಡಬೇಕೇ?’ ಎಂದು ಆರು ವರ್ಷದವರನ್ನು ಕೇಳಿ ನೋಡಿ. ಕಾರಣ ಕೊಡುತ್ತಾರೆ, ಗೆಳೆಯನ ಮಾತು ಸರಿಯೆನಿಸಿದರೆ ಅಭಿಪ್ರಾಯ ಬದಲಿಸುವುದೂ ಉಂಟು (ದೊಡ್ಡವರಲ್ಲಿ ಇದು ಅಪರೂಪ).

ಅಮೆರಿಕದ ತತ್ವಶಾಸ್ತ್ರಜ್ಞ ಮ್ಯಾಥ್ಯೂ ಲಿಪ್‌ಮನ್ 1974ರಲ್ಲಿ ನ್ಯೂಜೆರ್ಸಿಯಲ್ಲಿ ಮಕ್ಕಳ ತತ್ವಶಾಸ್ತ್ರಕ್ಕೆಂದೇ ಸಂಸ್ಥೆ ಕಟ್ಟಿದರು. ಅವರ ವಿಧಾನದಲ್ಲಿ ಉಪನ್ಯಾಸವಿಲ್ಲ: ಕಥೆ ಓದುತ್ತಾರೆ, ಮಕ್ಕಳೇ ಪ್ರಶ್ನೆ ಎತ್ತುತ್ತಾರೆ, ಸುತ್ತ ಕುಳಿತು ಚರ್ಚಿಸುತ್ತಾರೆ. ಒಪ್ಪದಿದ್ದರೆ ಕಾರಣ ಕೊಡಬೇಕು; ಉದ್ಧಟತನಕ್ಕೆ ಅಲ್ಲಿ ಜಾಗವಿಲ್ಲ.

‘ಇದರಿಂದ ಅಂಕ ಏರುತ್ತದೆ’ ಎಂಬುದನ್ನೂ ಹಾಗೆಯೇ ನಂಬಬೇಡಿ. ಇಂಗ್ಲೆಂಡಿನಲ್ಲಿ 2015ರಲ್ಲಿ ವರದಿಯಾದ ಪ್ರಯೋಗದಲ್ಲಿ ಅಲ್ಪ ಪ್ರಗತಿ ಕಂಡಿತ್ತು. ನಂತರದ ದೊಡ್ಡ ಪ್ರಯೋಗದಲ್ಲಿ ಓದಿನ ಅಂಕ ಏರಲಿಲ್ಲ.