ಸರ್ಚ್ ಸರಿಹೋದ ದಿನವೇ ಸಂಬಳದ ಪಟ್ಟಿ ಹೊರಬಿತ್ತು

ನಮ್ಮ ಕಂಪನಿಯ ಇಂಟ್ರಾನೆಟ್, ಅಂದರೆ ಒಳಗಿನವರಿಗಷ್ಟೇ ಇರುವ ಸೈಟ್, ಫೈಲುಗಳನ್ನಿಟ್ಟು ಹಂಚಿಕೊಳ್ಳುವ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ 2013 ಸಾಫ್ಟ್‌ವೇರ್ ಮೇಲೆ ಓಡುತ್ತಿತ್ತು. ಓಡುತ್ತಿತ್ತು ಅನ್ನೋದು ದೊಡ್ಡ ಮಾತು, ತೆವಳುತ್ತಿತ್ತು. 2023ರ ಏಪ್ರಿಲ್ 11ಕ್ಕೆ ಮೈಕ್ರೋಸಾಫ್ಟ್ ಆ ಆವೃತ್ತಿಯ ಸಪೋರ್ಟ್ ನಿಲ್ಲಿಸಿತು. ಅಲ್ಲಿಂದಾಚೆಗೆ ಸೆಕ್ಯುರಿಟಿ ಪ್ಯಾಚ್ ಕೂಡ ಇಲ್ಲ. ಅದು ಗೊತ್ತಿದ್ದೂ ಒಂದು ವರ್ಷ ಸುಮ್ನೆ ಕೂತಿದ್ದೆವು. ಆಡಿಟ್‌ನವರು ಬರೆದು ಕೊಟ್ಟ ಮೇಲೆ ಎಲ್ಲರಿಗೂ ಎಚ್ಚರವಾಯಿತು. ಮೈಕ್ರೋಸಾಫ್ಟ್‌ನ ಸರ್ವರುಗಳಲ್ಲೇ, ಅಂದರೆ ಕ್ಲೌಡ್‌ನಲ್ಲಿ, ಓಡುವ ಶೇರ್‌ಪಾಯಿಂಟ್ ಆನ್‌ಲೈನ್‌ಗೆ ಹೋಗೋದು ಅಂತ ತೀರ್ಮಾನವಾಗಿ, ಕೆಲಸ ನನ್ನ ತಲೆಗೆ ಬಂತು.

ನನಗೆ ಭಯ ಇದ್ದದ್ದು ಫಾರ್ಮ್‌ಗಳದ್ದು. ರಜೆ ಅರ್ಜಿ ಇನ್ಫೋಪಾತ್ ಅನ್ನೋ ಮೈಕ್ರೋಸಾಫ್ಟ್‌ನ ಹಳೇ ಫಾರ್ಮ್ ಸಾಫ್ಟ್‌ವೇರಿನಲ್ಲಿತ್ತು, ಅದರ ಸಪೋರ್ಟಿಗೂ 2026ರ ಜುಲೈ 14 ಕೊನೆ ಅಂತ ಆಗಲೇ ಹೇಳಿದ್ದರು. ಹಿಂದೆ ಯಾರೋ ಬರೆದು ಸರ್ವರಿಗೆ ಹಾಕಿದ್ದ ಕೋಡ್ ಬೇರೆ ಇತ್ತು, ಕ್ಲೌಡ್‌ನಲ್ಲಿ ಅದನ್ನು ಹಾಕೋಕೇ ಬಿಡುವುದಿಲ್ಲ. ಎಲ್ಲ ಹೊಸದಾಗಿ ಮಾಡಿದೆವು. ಬೇಸರದ ಕೆಲಸ, ಆದರೆ ಮುಗಿಯುವ ಕೆಲಸ. ಫೈಲುಗಳಂತೂ ಟೂಲ್ ಹಚ್ಚಿಟ್ಟರೆ ರಾತ್ರಿಯೆಲ್ಲ ತಾವಾಗಿಯೇ ಹೋಗುತ್ತಿದ್ದವು.

ಸೋಮವಾರ ಹೊಸ ಸೈಟ್ ಶುರುವಾಯಿತು. ಹನ್ನೊಂದು ಗಂಟೆಗೆ ಎಚ್‌ಆರ್‌ನಿಂದ ಫೋನ್. "ಸರ್, ಒಂದ್ನಿಮಿಷ ಇಲ್ಲಿಗೆ ಬರ್ತೀರಾ?" ದನಿ ಕೇಳಿದಾಗಲೇ ಏನೋ ಎಡವಟ್ಟಾಗಿದೆ ಅನ್ನಿಸಿತು.

ಆಗಿದ್ದು ಇಷ್ಟು. ಟ್ರೇನಿ ಹುಡುಗನೊಬ್ಬ ತನ್ನ ಪೇಸ್ಲಿಪ್ ಹುಡುಕಲು ಸರ್ಚ್‌ನಲ್ಲಿ 'ಸ್ಯಾಲರಿ' ಅಂತ ಟೈಪ್ ಮಾಡಿದ್ದಾನೆ. ಬಂದ ಫಲಿತಾಂಶಗಳಲ್ಲಿ ನಾಲ್ಕನೆಯದು ಒಂದು ಎಕ್ಸೆಲ್ ಫೈಲ್. 2016ರಲ್ಲಿ ಇಡೀ ವಿಭಾಗಕ್ಕೆ ಕೊಟ್ಟ ಇನ್‌ಕ್ರಿಮೆಂಟ್, ಹೆಸರಿನ ಸಮೇತ. ಪಕ್ಕದ ಕಾಲಮ್ಮಿನಲ್ಲಿ ಮ್ಯಾನೇಜರ್ ಬರೆದ ಷರಾ. ಪುಣ್ಯಕ್ಕೆ ಹುಡುಗ ಒಳ್ಳೆಯವನು, ತಾನೇ ಬಂದು ಹೇಳಿದ.

ಕ್ಲೌಡ್‌ಗೆ ಹೋಗಿದ್ದಕ್ಕೇ ಹೀಗಾಯಿತು ಅಂತ ಸಂಜೆಯೊಳಗೆ ಆಫೀಸಿಡೀ ಮಾತು. ಅಲ್ಲ. ಆ ಫೈಲ್ ಎಂಟು ವರ್ಷದಿಂದ ಎಲ್ಲರಿಗೂ ತೆರೆದೇ ಇತ್ತು. ಯಾವುದೋ ಮೀಟಿಂಗಿನ ಗಡಿಬಿಡಿಯಲ್ಲಿ ಯಾರೋ ಆ ಫೋಲ್ಡರಿಗೆ 'ಎವೆರಿಒನ್' ಅಂತ ಆಕ್ಸೆಸ್ ಕೊಟ್ಟಿದ್ದರು, ತೆಗೆಯೋಕೆ ಮರೆತಿದ್ದರು. ಹಳೇ ಸರ್ಚ್ ಕೆಟ್ಟು ಯಾವ ಕಾಲವಾಗಿತ್ತೋ, ಏನು ಹುಡುಕಿದರೂ 2014ರ ಕ್ರೀಡಾಕೂಟದ ಫೋಟೋ ಬರುತ್ತಿತ್ತು. ನಮ್ಮ ಗುಟ್ಟು ಕಾಯುತ್ತಿದ್ದದ್ದು ಪಾಸ್‌ವರ್ಡ್ ಅಲ್ಲ, ಆ ಕೆಟ್ಟ ಸರ್ಚ್! ಹೊಸ ಸರ್ಚ್ ತಪ್ಪೇನೂ ಮಾಡಲಿಲ್ಲ. ಯಾರಿಗೆ ಏನು ನೋಡಲು ಪರ್ಮಿಷನ್ ಇದೆಯೋ ಅಷ್ಟನ್ನೇ ತೋರಿಸಿತು. ಆ ಪರ್ಮಿಷನ್ನುಗಳನ್ನು ಇದ್ದ ಹಾಗೇ ಹೊತ್ತು ತಂದವನು ನಾನು. ಟೂಲ್‌ನಲ್ಲಿ ಅದಕ್ಕೊಂದು ಆಯ್ಕೆ ಇರುತ್ತದೆ, ಯಾರೂ ದೂರಬಾರದು ಅಂತ ನಾನೇ ಟಿಕ್ ಹಾಕಿದ್ದೆ.

ಅದಕ್ಕೇ ಈಗ ಯಾರು ಕೇಳಿದರೂ ಒಂದೇ ಹೇಳುತ್ತೇನೆ. ಫೈಲ್ ತನ್ನಿ, ಪರ್ಮಿಷನ್ ತರಬೇಡಿ. ಹೊಸ ಸೈಟ್ ಎಲ್ಲದಕ್ಕೂ ಬೀಗ ಹಾಕಿಕೊಂಡೇ ಶುರುವಾಗಲಿ. ಫೈಲುಗಳನ್ನಿಡುವ ಒಂದೊಂದು ಲೈಬ್ರರಿಗೂ ಒಬ್ಬ ಮನುಷ್ಯನ ಹೆಸರು ಬೇಕು, ಯಾರಿಗೆ ತೆರೆಯಬೇಕು ಅಂತ ಅವರೇ ಹೇಳಲಿ. ಮೊದಲ ವಾರ 'ನಂಗೆ ಕಾಣ್ತಿಲ್ಲ' ಅಂತ ಫೋನ್ ಮೇಲೆ ಫೋನ್ ಬರುತ್ತೆ, ನಿಜ. ಕಾಣ್ತಿಲ್ಲ ಅನ್ನುವವರಿಗೆ ಎರಡು ನಿಮಿಷದಲ್ಲಿ ಆಕ್ಸೆಸ್ ಕೊಡಬಹುದು, ಕಂಡುಬಿಟ್ಟವರ ಕಣ್ಣಿಂದ ಆ ಷರಾ ಅಳಿಸೋಕಾಗುತ್ತಾ? ಇನ್ನು ಮೈಕ್ರೋಸಾಫ್ಟ್‌ನ ಎಐ ಸಹಾಯಕ ಕೋಪೈಲಟ್ ತರುವವರು ಇನ್ನೂ ಹುಷಾರಾಗಿರಬೇಕು. ಅದೂ ಇದೇ ಪರ್ಮಿಷನ್ ನೋಡಿಯೇ ಉತ್ತರ ಕೊಡುತ್ತದೆ. ಫೈಲ್ ಹುಡುಕುವ ಕಷ್ಟವೂ ಇಲ್ಲ, ಪ್ರಶ್ನೆ ಕೇಳಿದರೆ ಸಾಕು.

ಆಮೇಲೆ ನಾವು 'ಎವೆರಿಒನ್' ಇರುವ ಫೋಲ್ಡರುಗಳ ಪಟ್ಟಿ ತೆಗೆದು ಒಂದೊಂದಾಗಿ ಮುಚ್ಚುತ್ತಾ ಬಂದೆವು. ಅರ್ಧಕ್ಕರ್ಧ ಫೋಲ್ಡರಿನ ಯಜಮಾನರು ಕೆಲಸ ಬಿಟ್ಟು ಯಾವುದೋ ಕಾಲ ಆಗಿತ್ತು, ಮೇಲ್ ಕಳಿಸಿದರೆ ವಾಪಸ್ ಬರುತ್ತಿತ್ತು. ಕೊನೆಗೆ ಆ 2016ರ ಎಕ್ಸೆಲ್ ಉಳಿಯಿತು. ಡಿಲೀಟ್ ಮಾಡ್ಲಾ ಅಂತ ಎಚ್‌ಆರ್ ಮೇಡಂ ಅವರನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಇರ್ಲಿ ಬಿಡಿ ಸರ್, ಯಾವತ್ತಾದ್ರೂ ಬೇಕಾಗ್ಬಹುದು" ಅಂದರು.