ವಾರಕ್ಕೆರಡೋ, ಎರಡು ವಾರಕ್ಕೊಂದೋ?

ಇನ್ನು ಮುಂದೆ ನಮ್ಮ ವಿಭಾಗದ ಸಭೆ ‘ಬೈವೀಕ್ಲಿ’ ನಡೆಯುತ್ತದೆ ಎಂದು ಸಾಹೇಬರು ಇಂದು ಬೆಳಿಗ್ಗೆ ಮೇಲ್ ಕಳಿಸಿದ್ದಾರೆ. ವಾರಕ್ಕೆ ಎರಡು ಸಲವೋ, ಎರಡು ವಾರಕ್ಕೊಮ್ಮೆಯೋ? ನಿಘಂಟು ತೆರೆದರೆ ಅದು ಎರಡೂ ಅರ್ಥ ಕೊಟ್ಟು ಕೈ ತೊಳೆದುಕೊಂಡಿದೆ. ತಿಂಗಳಿಗೆ ಎರಡು ಸಭೆಯಾದರೆ ಹೇಗೋ ಹಲ್ಲು ಕಚ್ಚಿ ಕೂರಬಹುದು. ಎಂಟೋ ಒಂಬತ್ತೋ ಆದರೆ ಮನುಷ್ಯ ಬದುಕುವುದು ಹೇಗೆ?

ಕೇಳಿ ತಿಳಿಯೋಣವೆಂದರೆ ಸಾಹೇಬರ ಇಂಗ್ಲಿಷ್‌ಗೆ ಒಂದು ವಿಶೇಷವಿದೆ. ಅವರ ಉತ್ತರದಲ್ಲಿ ಉತ್ತರವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇರುತ್ತದೆ. ‘ಎಷ್ಟು ಸಲ ಸರ್?’ ಎಂದು ಸಹೋದ್ಯೋಗಿಯೊಬ್ಬರು ಬರೆದರು. ‘ಆ್ಯಸ್ ಡಿಸ್ಕಸ್ಡ್’ ಎಂದು ಬಂತು. ಯಾರ ಜೊತೆ ಯಾವಾಗ ಚರ್ಚಿಸಿದರೋ ದೇವರಿಗೇ ಗೊತ್ತು. ಮತ್ತೊಬ್ಬರು ಧೈರ್ಯ ಮಾಡಿ ದಿನಾಂಕಗಳನ್ನೇ ಕೇಳಿದರು. ‘ನೋಟೆಡ್’ ಎಂದರು. ನಾನು ಎಳೆಯ ಮಕ್ಕಳಿಗೂ ತಿಳಿಯುವ ಹಾಗೆ, ಮಂಗಳವಾರ ಮತ್ತು ಶುಕ್ರವಾರ ಎರಡೂ ದಿನವೋ, ಎರಡರಲ್ಲಿ ಒಂದು ದಿನವೋ ಎಂದು ಬಿಡಿಸಿ ಕೇಳಿದೆ. ‘ಯೆಸ್’ ಎಂದು ಬಂತು, ಜೊತೆಗೊಂದು ಹೆಬ್ಬೆರಳಿನ ಚಿತ್ರ. ಕೊನೆಗೆ ಎಲ್ಲರಿಗೂ ಸೇರಿಸಿ ‘ಪ್ಲೀಸ್ ಡೂ ದಿ ನೀಡ್‌ಫುಲ್’. ಆ ನೀಡ್‌ಫುಲ್ ಏನೆಂದು ತಿಳಿದಿದ್ದರೆ ನಾವೇಕೆ ಮೇಲಿಂದ ಮೇಲೆ ಮೇಲ್ ಬರೆಯುತ್ತಿದ್ದೆವು?

ಈ ಭಾಷೆಯೂ ಸಾಧು ಪ್ರಾಣಿಯೇನಲ್ಲ ಬಿಡಿ. ‘ಓವರ್‌ಸೈಟ್’ ಎಂದರೆ ಮೇಲ್ವಿಚಾರಣೆಯೂ ಹೌದು, ಕಣ್ತಪ್ಪಿನಿಂದಾದ ಪ್ರಮಾದವೂ ಹೌದು. ‘ಸ್ಯಾಂಕ್ಷನ್’ ಸಾಲಕ್ಕೆ ಸಿಕ್ಕರೆ ಮಂಜೂರಾತಿ, ದೇಶಕ್ಕೆ ಸಿಕ್ಕರೆ ನಿರ್ಬಂಧ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಒಂದು ಕಡತವನ್ನು ತುರ್ತಾಗಿ ‘ಟೇಬಲ್’ ಮಾಡೋಣ ಎಂದರೆ ಅಮೆರಿಕದವರು ಒಪ್ಪಲೇ ಇಲ್ಲ. ಒಬ್ಬರಿಗೆ ಅದು ಕೂಡಲೇ ಚರ್ಚೆಗೆತ್ತಿಕೊಳ್ಳುವುದು, ಇನ್ನೊಬ್ಬರಿಗೆ ಮೂಲೆಗೆ ಸರಿಸುವುದು. ಇಬ್ಬರಿಗೂ ಬೇಕಾದದ್ದು ಒಂದೇ ಎಂದು ಗೊತ್ತಾಗುವ ಮೊದಲು ದೊಡ್ಡ ವಾಗ್ವಾದವೇ ನಡೆಯಿತು ಎಂದು ಚರ್ಚಿಲ್ ಬರೆದಿಟ್ಟಿದ್ದಾರೆ. ಶತ್ರು ಇನ್ನೊಂದು ಕಡೆ ಇದ್ದ!

ಹದಿನಾಲ್ಕು ರಾತ್ರಿಗಳಿಂದ ಹುಟ್ಟಿದ ‘ಫೋರ್ಟ್‌ನೈಟ್’ ಎಂಬ ಅಚ್ಚುಕಟ್ಟಾದ ಪದವೂ ಇದೇ ಇಂಗ್ಲಿಷಿನಲ್ಲಿದೆ. ಈಗಿನ ಹುಡುಗರ ಮುಂದೆ ಅದನ್ನು ಆಡಿದರೆ ವಿಡಿಯೊ ಗೇಮ್ ಎಂದುಕೊಳ್ಳುತ್ತಾರೆ. ಪದಕ್ಕಿಷ್ಟು ಎಂದು ಹಣ ತೆತ್ತು ತಂತಿ ಕಳಿಸುತ್ತಿದ್ದ ಕಾಲದಲ್ಲಿ ಜನ ಹುಟ್ಟು, ಸಾವು, ರೈಲಿನ ವೇಳೆ ಎಲ್ಲವನ್ನೂ ನಾಲ್ಕಾರು ಪದಗಳಲ್ಲಿ ಮುಗಿಸುತ್ತಿದ್ದರು. ಓದಿದವರಿಗೆ ಅಳಬೇಕೋ, ನಿಲ್ದಾಣಕ್ಕೆ ಓಡಬೇಕೋ ಎಂಬ ಅನುಮಾನ ಬರುತ್ತಿರಲಿಲ್ಲ. ಈಗ ಪದಗಳು ಪುಕ್ಕಟೆ.

ಇಷ್ಟು ಬರೆಯುವಷ್ಟರಲ್ಲಿ ಸಾಹೇಬರ ಇನ್ನೊಂದು ಮೇಲ್ ಬಂದಿದೆ. ಮೊದಲ ಸಭೆ ‘ನೆಕ್ಸ್ಟ್ ಫ್ರೈಡೇ’ಯಂತೆ. ಇಂದು ಬುಧವಾರ.